ಕೆಂಪು ಎರಡು

"ಇದಕ್ಕೂ ಅದೇ ನಂಬರು ಬಂದಿದೆ ನೋಡು ಶೈಲಾ," ಎಂದು ಪ್ಯಾಟ್ರಿಶಿಯಾ ಸಿಸ್ಟರ್ ಎಂಟನೆಯ ಕಂಪ್ಯೂಟರಿನ ಮುಂದೆ ಬಗ್ಗಿ ಓದಿದರು. "ನೂರ ಅರವತ್ತೊಂಬತ್ತು ಚುಕ್ಕೆ ಇನ್ನೂರ ಐವತ್ತನಾಲ್ಕು. ನಂಬರು ಬಂತಲ್ಲ, ಇನ್ನೆಂತ ಬೇಕು ನಿನಗೆ?"

ಶೈಲಶ್ರೀ ಕುರ್ಚಿಯಿಂದ ಏಳಲಿಲ್ಲ. ಎದ್ದು ನೋಡುವ ಅಗತ್ಯವೂ ಇರಲಿಲ್ಲ. "ಅದು ಬಂದದ್ದಲ್ಲ ಸಿಸ್ಟರ್. ಕೂಗಿ ಕೂಗಿ ಉತ್ತರ ಬಾರದೆ ಹೋದಾಗ ಕಂಪ್ಯೂಟರ್ ತನಗೆ ತಾನೇ ಕೊಟ್ಟುಕೊಳ್ಳುವ ನಂಬರು. ಅದನ್ನು ಇಟ್ಟುಕೊಂಡು ಈ ಕೋಣೆಯಿಂದ ಹೊರಗೆ ಯಾರ ಹತ್ತಿರವೂ ಮಾತಾಡಲಿಕ್ಕೆ ಆಗುವುದಿಲ್ಲ."

"ಪಾಪ," ಎಂದರು ಸಿಸ್ಟರ್, ಕಂಪ್ಯೂಟರಿಗೂ ಒಂದು ಮನಸ್ಸು ಉಂಟು ಎನ್ನುವ ಹಾಗೆ.

ಆ ಮಾತಿಗೆ ಶೈಲಶ್ರೀಗೆ ನಗು ಬರಬೇಕಿತ್ತು, ಬರಲಿಲ್ಲ. ಬೆಳಿಗ್ಗೆ ಪರ್ಕಳದ ಕೂಲಿಯವರ ಶೆಡ್ಡಿನಲ್ಲಿ ರೊಟ್ಟಿ ಕಟ್ಟಿಕೊಡುತ್ತಿದ್ದ ಅವ್ವ ರಾಚವ್ವನ ಮುಖ ನೆನಪಾಯಿತು. ಪಕ್ಕದ ಶೆಡ್ಡಿನ ಶರಣಮ್ಮನ ತಮ್ಮ ಹುನಗುಂದದ ಕಡೆಯಿಂದ ಬಂದಿಳಿದಿದ್ದ, ಅಕ್ಕನನ್ನು ಪಂಚಮಿಗೆ ಕರೆದೊಯ್ಯಲು. ನಾಗರಪಂಚಮಿಗೆ ಇನ್ನು ಹನ್ನೊಂದು ದಿನ. ಆ ಸೀಮೆಯ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ತವರು. ಆದರೆ ತಾವಾಗಿ ಗಂಟು ಕಟ್ಟಿಕೊಂಡು ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು ಕರೆಯಬೇಕು. ಶರಣಮ್ಮನ ಸಂಭ್ರಮದ ಮಾತು ಗೋಡೆಯಾಚೆಯಿಂದ ಕೇಳುತ್ತಿದ್ದಂತೆ ರಾಚವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲು ಮುಂದೆ ಮಾಡಿದ್ದಳು.

"ಯಾಕವ್ವಾ, ಹೊಗಿ ತುಂಬತೈತಿ."

"ತುಂಬ್ಲಿ. ಕರಿಯವ್ರು ಇದ್ದವ್ರು ಹೋಗ್ತಾರ. ನನಗ ಕರಿಯಾಂವ ಇಲ್ಲ, ಮುಗೀತು."

ಮುಗಿದಿರಲಿಲ್ಲ ಎಂಬುದು ಶೈಲಶ್ರೀಗೆ ಚೆನ್ನಾಗಿ ಗೊತ್ತಿತ್ತು. ರಾಚವ್ವನಿಗೆ ಒಬ್ಬನೇ ಅಣ್ಣ, ಶರಣಬಸಪ್ಪ. ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡಾಗ ಇವರು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ತಾಯಿಯ ಮುಖ ನೋಡಲು ಸಿಗದ ಸಂಕಟದಲ್ಲಿ ರಾಚವ್ವ ನಾಲ್ಕು ಜನರೆದುರು "ಇನ್ನ ನನಗ ತವರಿಲ್ಲ" ಎಂದು ಅಣ್ಣನ ಮುಖಕ್ಕೆ ಹೇಳಿ, ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದ್ದಳು. ಆ ವರ್ಷದ ಪಂಚಮಿ ಸಿಟ್ಟಿನಲ್ಲಿ ಹೋಯಿತು. ಮರುವರ್ಷ ಸಿಟ್ಟು ಕರಗಿ, ಆಷಾಢದಲ್ಲಿ ಊರಿನ ಹಿಟ್ಟಿನ ಗಿರಣಿಗೆ ಫೋನ್ ಮಾಡಿಸಿ, "ನಮ್ಮಣ್ಣ ಪಂಚಮಿಗೆ ಕರಿಯಾಕ ಬರ್ತಾನೇನು ಕೇಳ್ರಿ, ಹೌದೋ ಅಲ್ಲೋ ಚೆನ್ನಪ್ಪಣ್ಣನ ಅಂಗಡಿಗೆ ಫೋನ್ ಮಾಡಿ ಹೇಳ್ಲಿ," ಎಂದು ಹೇಳಿಕಳಿಸಿದಳು. ಉತ್ತರ ಬರಲಿಲ್ಲ. ಆಗ ಶೈಲಶ್ರೀ ಕಾರ್ಕಳದಲ್ಲಿ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದಳು. ರಜೆಗೆ ಬರುವಷ್ಟರಲ್ಲಿ ಅವ್ವನ ತೀರ್ಮಾನ ಆಗಿಬಿಟ್ಟಿತ್ತು.

"ಅಣ್ಣ ಒಲ್ಲೆ ಅಂದ."

"ಹಂಗಂತ ಹೇಳಿದ್ನೇನು?"

"ಹೇಳಬೇಕೇನು?"

ಎರಡು ಪಂಚಮಿ ಹೀಗೆ ಹೋಗಿದ್ದವು. ಮೂರನೆಯದೂ ಹೋದರೆ ಅವ್ವ ಆ ಊರಿನ ಹೆಸರನ್ನೇ ಎತ್ತುವುದಿಲ್ಲ. ಸತ್ತಂತೆ ಬದುಕುವ ಛಲ ಆಕೆಯದು. ಅದು ತನಗೂ ಅಷ್ಟಿಷ್ಟು ಬಂದಿದೆ ಎಂದು ಶೈಲಶ್ರೀ ಒಪ್ಪಿಕೊಳ್ಳುತ್ತಿರಲಿಲ್ಲ.

ಸದ್ಯಕ್ಕೆ ಆ ಛಲವೆಲ್ಲ ಕಾಪುವಿನ ಈ ಎಂಟು ಕಂಪ್ಯೂಟರುಗಳ ಮೇಲಿತ್ತು. ಬೆಳಕಿಂಡಿ ಕಣ್ಣಿನ ಆಸ್ಪತ್ರೆಗೆ ಉಡುಪಿಯಲ್ಲಿ ದೊಡ್ಡ ಕಟ್ಟಡ, ಕಾರ್ಕಳದಲ್ಲಿ ಒಂದು ಶಾಖೆ, ಈಗ ಕಾಪುವಿನ ಹೆದ್ದಾರಿ ಪಕ್ಕ ಇದು ಎರಡನೆಯದು. ನಾಳೆ ಬೆಳಿಗ್ಗೆ ಬಾಗಿಲು ತೆರೆಯಬೇಕು. ಇಲ್ಲಿ ತೆಗೆದ ಕಣ್ಣಿನ ಚಿತ್ರ ಉಡುಪಿಯ ಡಾಕ್ಟರ ಮೇಜಿಗೆ ಹೋಗಬೇಕು. ಅದಕ್ಕೆ ಮೊದಲು ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಸಿಗಬೇಕು.

ವಿಷಯ ಕೇಳಲು ಸರಳ. ಕಂಪ್ಯೂಟರ್ ಎದ್ದ ಕೂಡಲೇ "ಯಾರಾದರೂ ನನಗೊಂದು ವಿಳಾಸ ಕೊಡಿ" ಎಂದು ಕೂಗುತ್ತದೆ. ಯಾರನ್ನು ಕೇಳಬೇಕೆಂದು ಗೊತ್ತಿಲ್ಲದ ಕೂಗು ಅದು, ಕೋಣೆ ದಾಟುವುದಿಲ್ಲ. ವಿಳಾಸ ಹಂಚುವ ಸರ್ವರ್ ಇರುವುದು ಉಡುಪಿಯಲ್ಲಿ. ಕಾಪುವಿನ ರೂಟರ್ ಆ ಕೂಗನ್ನು ಹಿಡಿದು, ಅದರ ಮೇಲೆ 'ನನ್ನ ಮುಖಾಂತರ' ಎಂದು ತನ್ನ ವಿಳಾಸ ಬರೆದು, ಉಡುಪಿಗೆ ಮುಟ್ಟಿಸಬೇಕು. ಉತ್ತರ ಬಂದಾಗ ಕೂಗಿದವರಿಗೆ ಒಪ್ಪಿಸಬೇಕು. ಈ ಕೆಲಸಕ್ಕೆ ಡಿಎಚ್‌ಸಿಪಿ ರಿಲೇ ಎಂದು ಹೆಸರು. ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ವಾರದಲ್ಲೇ ಇಮ್ಯಾನುಯೆಲ್ ಸರ್ ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ಹೇಳಲು ಹೊರಟಾಗ, ಚಿತ್ರ ಮುಗಿಯುವ ಮೊದಲೇ ಅವಳಿಗೆ ಅರ್ಥವಾಗಿತ್ತು.

ಅದರ ಶ್ರೇಯಸ್ಸು ಚೆನ್ನಪ್ಪನಿಗೆ ಸಲ್ಲಬೇಕು. ಪರ್ಕಳದ ಆ ಶೆಡ್ಡುಗಳಿಗೆಲ್ಲ ಇದ್ದದ್ದು ಒಂದೇ ಫೋನು, ರಸ್ತೆ ಬದಿಯ ಚೆನ್ನಪ್ಪನ ಅಂಗಡಿಯದು. ಮದುವೆ ಕಾಗದದಲ್ಲಿ ನಂಬರಿನ ಪಕ್ಕ 'ಪಿಪಿ' ಎಂದು ಹಾಕುತ್ತಾರಲ್ಲ, ಫೋನು ಪಕ್ಕದವರದು, ಕರೆದುಕೊಡುತ್ತಾರೆ ಎನ್ನಲು, ಆ ಬಗೆಯ ಫೋನು. ಚೆನ್ನಪ್ಪನದು ಮಲ್ಪೆಯ ಬೋಟುಗಳಲ್ಲಿ ಇಪ್ಪತ್ತು ವರ್ಷ ಗಾಳಿಯೆದುರು ಕೂಗಿ ಪಳಗಿದ ಗಂಟಲು. ಊರಿನಿಂದ ಫೋನ್ ಬಂದರೆ ಹಲಸಿನ ಮರದ ಕೆಳಗೆ ನಿಂತು "ಮೂರನೇ ಸಾಲು! ರಾಚವ್ವಾ! ಫೋನ್!" ಎನ್ನುತ್ತಿದ್ದ. ಶೆಡ್ಡುಗಳಲ್ಲಿ ನಾಲ್ಕು ಮಂದಿ ಶರಣಮ್ಮಂದಿರಿದ್ದುದರಿಂದ ಬರಿಯ ಹೆಸರು ಅವನಿಗೆ ಸಾಲುತ್ತಿರಲಿಲ್ಲ. ಯಾವ ಸಾಲು ಎಂದು ಹೇಳದವರ ಫೋನಿಗೆ ಅವನು ಯಾರನ್ನೂ ಕರೆಯುತ್ತಲೇ ಇರಲಿಲ್ಲ. ರೂಟರ್ ಮಾಡುವುದೂ ಅಷ್ಟೇ, ಸಾಲು ಬರೆದು ಕಳಿಸುತ್ತದೆ.

ಆದರೆ ಇವತ್ತು ಕಾಪುವಿನ ರೂಟರ್ ತನ್ನ ಕೆಲಸ ಮಾಡುತ್ತಲೇ ಇತ್ತು. ಶೈಲಶ್ರೀ ಅದರೊಳಗಿನ ಲೆಕ್ಕ ತೆಗೆದು ನೋಡಿದಳು: ನೂರ ಹನ್ನೆರಡು ಕೂಗು ಉಡುಪಿಗೆ ಹೋಗಿವೆ, ತಿರುಗಿ ಬಂದದ್ದು ಸೊನ್ನೆ. ಕಾರ್ಕಳದ ರೂಟರಿಗೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿಯನ್ನು ತರಿಸಿ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿದಳು. ಊರಿನ ಹೆಸರು, ನಂಬರು ಬಿಟ್ಟರೆ ಏನೂ ವ್ಯತ್ಯಾಸವಿರಲಿಲ್ಲ. ಕಾರ್ಕಳ ನಡೆಯುತ್ತಿದೆ, ಕಾಪು ನಡೆಯುತ್ತಿಲ್ಲ. ಒಂದು ಕಂಪ್ಯೂಟರಿಗೆ ಕೈಯಿಂದಲೇ ನಂಬರು ಕೊಟ್ಟು ಇಮ್ಯಾನುಯೆಲ್ ಸರ್ ಅವರ ಮೇಜಿನ ಕಂಪ್ಯೂಟರನ್ನು ಕರೆದಳು. ತಕ್ಷಣ ಓಗೊಟ್ಟಿತು. ಅಂದರೆ ಲೈನಿಗೂ ಏನೂ ಆಗಿಲ್ಲ. ಸರ್ವರನ್ನೇ ಹಾಗೆ ಕರೆದು ನೋಡುವಂತಿರಲಿಲ್ಲ. ಹಿಂದೊಮ್ಮೆ ವೈರಸ್ಸಿನ ಗಲಾಟೆಯಾದ ಮೇಲೆ ಅದು ಅಂಥ ಕರೆಗಳಿಗೆ ಮಾತಾಡದ ಹಾಗೆ ಸರ್ ಬಾಯಿ ಮುಚ್ಚಿಸಿದ್ದರು.

ಅವಳು ಉಡುಪಿಗೆ ಫೋನ್ ಮಾಡಿದಳು.

"ಎಂತ ಆಯ್ತು ಮಾರಾಯ್ತಿ?" ಎಂದರು ಇಮ್ಯಾನುಯೆಲ್. ಅವರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ವಿಭಾಗದಲ್ಲಿ ಇನ್ನಿದ್ದದ್ದು ಶೈಲಶ್ರೀ ಒಬ್ಬಳೇ, ಹಾಗಾಗಿ ಮುಖ್ಯಸ್ಥ ಎನ್ನುವುದು ಸ್ವಲ್ಪ ದೊಡ್ಡ ಮಾತು.

"ಸರ್, ಸರ್ವರ್ ಉತ್ತರ ಕೊಡುತ್ತಾ ಇಲ್ಲ."

"ಕಾರ್ಕಳಕ್ಕೆ ಕೊಡ್ತಾ ಉಂಟಲ್ಲ?"

"ಕಾಪುವಿಗೆ ಕೊಡುತ್ತಾ ಇಲ್ಲ."

"ಹಾಗಾದರೆ ಎಂಟಕ್ಕೂ ಕೈಯಿಂದಲೇ ನಂಬರು ಕೊಟ್ಟು ಬಿಡು. ನಾಳೆಯದ್ದು ನಾಳೆ ನೋಡುವಾ."

ಕೊಟ್ಟುಬಿಡಬಹುದಿತ್ತು. ಹತ್ತು ನಿಮಿಷದ ಕೆಲಸ. ಆದರೆ ಕೇಳಿದವರಿಗೆ ಉತ್ತರ ಬಾರದೆ, ತಾವೇ ಒಂದು ಕೊಟ್ಟುಕೊಂಡು ಸುಮ್ಮನಾಗುವುದು ಶೈಲಶ್ರೀಗೆ ಇವತ್ತು ಯಾಕೋ ಸೇರಲಿಲ್ಲ. "ನಾಲ್ಕು ಗಂಟೆಯವರೆಗೆ ಬಿಡಿ ಸರ್, ನಾನು ಅಲ್ಲಿಗೇ ಬರುತ್ತೇನೆ," ಎಂದವಳು ಕೊಡೆ ಎತ್ತಿಕೊಂಡು ಹೆದ್ದಾರಿಗೆ ಓಡಿದಳು. ಮಳೆಯಲ್ಲಿ ಬಂದ ಎಕ್ಸ್‌ಪ್ರೆಸ್ ಬಸ್ಸು ಪೂರ್ತಿ ನಿಲ್ಲದೆಯೇ ಅವಳನ್ನು ಹತ್ತಿಸಿಕೊಂಡಿತು.

ಉಡುಪಿಯ ಸರ್ವರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಅದು ಇಮ್ಯಾನುಯೆಲ್ ಸರ್ ಮಾಡಿದ ನಿಯಮ, ಧೂಳಿಗೆ ಹೆದರಿ. ಒಳಗೆ ತಣ್ಣನೆಯ ಗಾಳಿ, ಫ್ಯಾನುಗಳ ಒಂದೇ ಸಮನೆಯ ಸದ್ದು. ತಂತಿಯ ಮೇಲೆ ಹೋಗಿಬರುವುದನ್ನೆಲ್ಲ ಹಿಡಿದು ತೋರಿಸುವ ಒಂದು ಪ್ರೋಗ್ರಾಮನ್ನು ಸರ್ ಸರ್ವರಿನಲ್ಲಿ ತೆರೆದರು. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿಯತೊಡಗಿದವು. "ಕಾಪುವಿನದ್ದು ಮಾತ್ರ ತೋರಿಸು ಅಂತ ಹೇಳುವಾ," ಎಂದು ಅವರು ಕೀಲಿ ಒತ್ತಿದರು.

ಪರದೆ ಒಮ್ಮೆ ಖಾಲಿಯಾಯಿತು. ಆಮೇಲೆ ಒಂದು ಸಾಲು ಬಂತು: ಕಾಪುವಿನ ರೂಟರಿನ ಮುಖಾಂತರ, ಯಾರೋ ವಿಳಾಸ ಕೇಳುತ್ತಿದ್ದಾರೆ. ಅದರ ಬೆನ್ನಿಗೇ ಇನ್ನೊಂದು ಸಾಲು: ಸರ್ವರಿನಿಂದ ಕಾಪುವಿನ ರೂಟರಿಗೆ, ಇಗೋ ನಿನ್ನ ವಿಳಾಸ.

ಶೈಲಶ್ರೀ ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. ಮತ್ತೊಂದು ಕೂಗು, ಮತ್ತೊಂದು ಉತ್ತರ. ಕೂಗಿಗೂ ಉತ್ತರಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲಿಲ್ಲ. ಅವಳು ಹಳೆಯ ಸಾಲುಗಳಿಗೆ ಹೋದಳು, ಬಂದಳು, ಮತ್ತೆ ಹೋದಳು. ಒಂದಕ್ಕೂ ಉತ್ತರ ತಪ್ಪಿರಲಿಲ್ಲ. ಬಾಯಿ ಮುಚ್ಚಿಕೊಂಡಿದೆ ಎಂದು ಬೆಳಿಗ್ಗೆಯಿಂದ ತಾನು ಬೈಯುತ್ತಿದ್ದ ಈ ಪೆಟ್ಟಿಗೆ ಇಡೀ ದಿನ, ಕೇಳಿದಷ್ಟು ಸಲವೂ, ಬೇಸರವಿಲ್ಲದೆ ಕೊಡುತ್ತಲೇ ಇತ್ತು. ಅವಳ ಮೈ ಜುಮ್ಮೆಂದಿತು. ಹದಿಮೂರು ಕಿಲೋಮೀಟರಿನಾಚೆ ಎಂಟು ಕಂಪ್ಯೂಟರುಗಳು ನಮಗೆ ಯಾರೂ ಇಲ್ಲ ಎಂದುಕೊಂಡು ಕೂತಿವೆ, ಇಲ್ಲಿ ನೋಡಿದರೆ ಹೀಗೆ.

"ಕೊಟ್ಟಿದೆ ಮಾರಾಯ್ತಿ!" ಎಂದರು ಸರ್, ಅವರ ದನಿಯೂ ಸಣ್ಣಗಾಗಿತ್ತು.

"ಅಲ್ಲಿಗೆ ಬಂದಿಲ್ಲ ಸರ್."

"ಇಲ್ಲಿಂದ ಹೋಗಿದೆ, ಕಣ್ಣೆದುರು ಉಂಟಲ್ಲ."

"ಹೋದದ್ದೂ ಸತ್ಯ, ಬಾರದ್ದೂ ಸತ್ಯ. ಹಾಗಾದರೆ ಹೋಗಿದ್ದು ಎಲ್ಲಿಗೆ?"

ಸರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಶೈಲಶ್ರೀ ಸರ್ವರಿನಿಂದ ಹೊರಟ ತಂತಿಯನ್ನು ಕಣ್ಣಲ್ಲೇ ಹಿಡಿದುಕೊಂಡು ಹೋದಳು. ಅದು ಗೋಡೆಯ ಕಪಾಟಿನಲ್ಲಿ ತಂತಿಗಳನ್ನು ಒಂದುಗೂಡಿಸುವ ಸ್ವಿಚ್ಚಿಗೆ ಸೇರುತ್ತಿತ್ತು, ಅಲ್ಲಿಂದ ಹತ್ತಾರು ತಂತಿಗಳು. ಒಂದು ಬೂದು ತಂತಿ ಮಾತ್ರ ಕಪಾಟಿನ ಹಿಂದೆ ಇಳಿದು ಕೆಳಗಿನ ಮೂಲೆಗೆ ಹೋಗಿತ್ತು. ಅಲ್ಲಿ ಒಂದು ಹಳೆಯ ಟವೆಲು ಹೊದೆಸಿದ ಏನೋ ಇತ್ತು. ಮೊಣಕಾಲೂರಿ ಟವೆಲು ಸರಿಸಿದಳು. ಹಳೆಯ ರೂಟರ್. ಅದರ ಮೂತಿಯಲ್ಲಿ ಒಂದು ಹಸಿರು ದೀಪ ಮಿಣುಕಿ ನಿಂತಿತು, ಮತ್ತೆ ಮಿಣುಕಿತು.

"ಸರ್, ಇದು ಯಾವುದು?"

"ಅದಾ? ಹಿಂದೆ ಕೆಳಗಿನ ಔಷಧಿ ಸ್ಟೋರು ಬೇರೆ ಕಟ್ಟಡದಲ್ಲಿತ್ತಲ್ಲ, ಅಲ್ಲಿಗೆ ಇದ್ದದ್ದು. ಅದರ ಲೈನು ತೆಗೆದು ಮೂರು ವರ್ಷ ಆಯ್ತು. ಅದಕ್ಕೆ ಇನ್ನೂ ಕರೆಂಟ್ ಉಂಟಾ?"

ಕರೆಂಟ್ ಇತ್ತು. ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ, ಅಷ್ಟೇ. ಶೈಲಶ್ರೀ ನೆಲದ ಮೇಲೆ ಕೂತಲ್ಲಿಂದಲೇ ಕಾಪುವಿಗೆ ಫೋನ್ ಹಚ್ಚಿಸಿ, ಎಂಟೂ ಕಂಪ್ಯೂಟರ್ ಆರಿಸಲು ಹೇಳಿದಳು. ದೀಪ ಸುಮ್ಮನಾಯಿತು. ಆಗೊಮ್ಮೆ ಈಗೊಮ್ಮೆ ಒಂದು ಮಿಣುಕು, ಅಷ್ಟೇ. "ಸಿಸ್ಟರ್, ಈಗ ಎಂಟನ್ನೂ ಒಟ್ಟಿಗೇ ಹಾಕಿ," ಎಂದಳು. ಒಂದು ನಿಮಿಷ ಕಳೆಯಿತು. ಕಾಪುವಿನಲ್ಲಿ ಪರದೆಗಳು ಎಚ್ಚರಾಗುತ್ತಿರಬೇಕು. ಹಸಿರು ದೀಪ ತಟಕ್ಕನೆ ಮಿಣುಕಿತು, ಮತ್ತೆ ಮಿಣುಕಿತು, ಆಮೇಲೆ ನಿಲ್ಲದೆ ಮಿಣುಕತೊಡಗಿತು. ಮೇಲೆ ಪರದೆಯಲ್ಲಿ ಸರ್ ಒಂದೊಂದೇ ಸಾಲು ಓದುತ್ತಿದ್ದರು: "ಕೊಟ್ಟಿತು... ಕೊಟ್ಟಿತು... ಇನ್ನೊಂದು ಕೊಟ್ಟಿತು." ಓದಿದಷ್ಟು ಸಲವೂ ಕೆಳಗೆ ದೀಪ ಮಿಣುಕುತ್ತಿತ್ತು. ಕಾಪುವಿಗೆ ಹೋಗಬೇಕಾದ ಉತ್ತರಗಳೆಲ್ಲ ಈ ಮುದಿಯನ ಕೈಗೆ ಬಂದು ಸೇರುತ್ತಿದ್ದವು. ಅವನೂ ನಿಷ್ಠೆಯಿಂದ ತೆಗೆದುಕೊಳ್ಳುತ್ತಿದ್ದ. ಮುಂದೆ ಕೊಡಲು ಅವನಿಗೆ ದಾರಿಯಿರಲಿಲ್ಲ.

"ಅಯ್ಯೋ ದೇವರೇ," ಎಂದು ಇಮ್ಯಾನುಯೆಲ್ ಹಣೆ ಹಿಡಿದುಕೊಂಡರು. "ನಾನೇ ಶೈಲಾ. ನಾನೇ ಹಾಕಿದ್ದು." ಔಷಧಿ ಸ್ಟೋರಿಗೆ ಇದ್ದ ನಂಬರಿನ ಕಟ್ಟನ್ನೇ ಅವರು ಮೊನ್ನೆ, ಖಾಲಿ ಉಂಟಲ್ಲ ಎಂದು, ಕಾಪುವಿಗೆ ಕೊಟ್ಟಿದ್ದರು. ಆದರೆ ಆ ನಂಬರಿನವರಿಗೆ ಏನು ಕೊಡುವುದಿದ್ದರೂ ಮೂಲೆಯ ರೂಟರಿನ ಕೈಗೆ ಕೊಡು ಎಂದು ಎಂದೋ ಒಂದು ದಿನ ಸರ್ವರಿಗೆ ಕೈಯಾರೆ ಬರೆದು ಕೊಟ್ಟಿದ್ದ ಒಂದು ಸಾಲು ಅಳಿಸದೆ ಉಳಿದಿತ್ತು. ಸರ್ವರ್ ಹೇಳಿದ ಮಾತು ಮೀರುವಂಥದ್ದಲ್ಲ. ಕಾರ್ಕಳಕ್ಕೆ ಅಂಥ ಸಾಲೇ ಇರಲಿಲ್ಲ, ಹಾಗಾಗಿ ಅಲ್ಲಿನ ಉತ್ತರ ಹೊಸ ದಾರಿ ಹಿಡಿದು ಸರಾಗವಾಗಿ ಹೋಗುತ್ತಿತ್ತು.

ಸರ್ ಆ ಸಾಲು ಅಳಿಸಿದರು. ಮೂಲೆಯ ದೀಪ ನಿಂತುಹೋಯಿತು. ಫೋನಿನಲ್ಲಿ ಪ್ಯಾಟ್ರಿಶಿಯಾ ಸಿಸ್ಟರ್ ಕಿರುಚಿದ್ದು ಕೋಣೆಗೆಲ್ಲ ಕೇಳಿತು. "ಬಂತು ಶೈಲಾ! ಬೇರೆ ನಂಬರು! ಆಚೆಯದಕ್ಕೂ ಬಂತು, ಇದಕ್ಕೂ... ಎಲ್ಲದಕ್ಕೂ ಬಂತು ಮಾರಾಯ್ತಿ!"

"ನಾವು ಬೆಳಿಗ್ಗೆಯಿಂದ ಕೂಗು ಹೋಗುವ ದಾರಿಯನ್ನೇ ಹುಡುಕಿದ್ದು ಅಲ್ವಾ," ಎಂದರು ಸರ್, ಕನ್ನಡಕ ಹಾಕಿಕೊಳ್ಳುತ್ತಾ. "ಉತ್ತರ ಯಾವ ದಾರಿಯಲ್ಲಿ ಬರಬೇಕು ಅಂತ ಒಬ್ಬರೂ ನೋಡಲಿಲ್ಲ."

ಗಂಟೆ ಮೂರೂವರೆ. ಸರ್ ಅವಳನ್ನು ಬೇಗ ಮನೆಗೆ ಕಳಿಸಿದರು. ಮಣಿಪಾಲದ ಏರು ಹತ್ತುವಾಗ ಬಸ್ಸಿನ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಸೀಟು ಸಿಕ್ಕಿದ್ದರೂ ಶೈಲಶ್ರೀಗೆ ಒರಗಿ ಕೂರಲಾಗಲಿಲ್ಲ. ಕಣ್ಣು ಮುಚ್ಚಿದರೆ ಆ ಹಸಿರು ಮಿಣುಕೇ ಬರುತ್ತಿತ್ತು. ಖುಷಿಯಾಗಿತ್ತು, ನಿಜ. ಆದರೆ ಖುಷಿಯ ಜೊತೆಗೆ ಎಂಥದೋ ಬೆರಗು, ಸ್ವಲ್ಪ ಹೆದರಿಕೆಯೂ ಇತ್ತು. ಲೋಕದಲ್ಲಿ ಹೀಗೆ ಎಷ್ಟು ಉತ್ತರಗಳು ಯಾವ ಯಾವ ಮೂಲೆಗೆ ಹೋಗಿ ಬೀಳುತ್ತಿರಬಹುದು ಎಂದು ಯೋಚಿಸಿದರೆ ಎದೆ ಭಾರವಾಗುತ್ತಿತ್ತು.

ಪರ್ಕಳದಲ್ಲಿ ಇಳಿದು ಚೆನ್ನಪ್ಪನ ಅಂಗಡಿಯ ಮಾಡಿನ ಕೆಳಗೆ ಕೊಡೆ ಬಿಡಿಸಲು ನಿಂತಳು. ಎದುರಿಗೆ ಅಂಗಡಿಯ ಬೋರ್ಡು. ದಿನಾ ನೋಡುವ ಬೋರ್ಡು. ನೀಲಿ ಬಣ್ಣದಲ್ಲಿ ಆರು ಅಂಕಿಯ ಫೋನ್ ನಂಬರು. ಅದರ ಮುಂದೆ, ಜಾಗ ಸಾಲದೆ ಒತ್ತಿಕೊಂಡು, ದೊಡ್ಡದಾಗಿ ಕೆಂಪು ಬಣ್ಣದ ಎರಡರ ಅಂಕಿ.

ಕೊಡೆ ಬಿಡಿಸುತ್ತಿದ್ದ ಕೈ ಅಲ್ಲೇ ನಿಂತಿತು.

"ಚೆನ್ನಪ್ಪಣ್ಣಾ, ಈ ಎರಡು ಯಾವಾಗ ಬರೆದದ್ದು?"

"ಅದು ಕಳೆದ ಮಳೆಗಾಲದಲ್ಲಿ ಅಲ್ವಾ," ಎಂದ ಚೆನ್ನಪ್ಪ, ಬಾಳೆಹಣ್ಣಿನ ಗೊನೆಯ ಹಿಂದಿನಿಂದ. "ಎಲ್ಲರ ನಂಬರಿಗೂ ಮುಂದೆ ಎರಡು ಬಂತಲ್ಲ. ಆಟಿ ತಿಂಗಳು, ನಿಮ್ಮ ಆಷಾಢ. ಬೋಟಿಗೆ ಹೊಡೆದು ಉಳಿದ ಬಣ್ಣ ತಮ್ಮನ ಹತ್ತಿರ ಇತ್ತು, ತಂದು ಬರೆದೆ. ಚಂದ ಆಗಲಿಲ್ಲ, ಗೊತ್ತು. ಎಂತಕ್ಕೆ?"

ಶೈಲಶ್ರೀ ಮಳೆಯಲ್ಲೇ ಓಡಿದಳು. ರಾಚವ್ವ ಕೆಲಸದಿಂದ ಬಂದು, ಕೈಕಾಲಿನ ಸಿಮೆಂಟು ತೊಳೆದುಕೊಳ್ಳುತ್ತಿದ್ದಳು.

"ಅವ್ವಾ, ಹ್ವಾದ ವರ್ಷ ಮಾವಗ ಯಾವ ನಂಬರಿಗೆ ಫೋನ್ ಮಾಡು ಅಂತ ಹೇಳಿಕಳಿಸಿದ್ದಿ?"

ರಾಚವ್ವನಿಗೆ ಓದು ಬರದು. ಆದರೆ ಆ ನಂಬರನ್ನು ಹಾಡಿನಂತೆ ಕಂಠಪಾಠ ಮಾಡಿಕೊಂಡಿದ್ದಳು. ಊರು ಬಿಟ್ಟು ಬಂದ ವರ್ಷ ಕಲಿತದ್ದು. "ಐದು, ಏಳು, ಸೊನ್ನೆ..." ಎಂದು ಆರೂ ಅಂಕಿ ಒಂದೇ ಉಸಿರಿಗೆ ಹೇಳಿದಳು. ಮುಂದೆ ಎರಡು ಇರಲಿಲ್ಲ.

ಶೈಲಶ್ರೀ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಏಳವ್ವಾ. ಚೆನ್ನಪ್ಪಣ್ಣನ ಅಂಗಡಿಗೆ ಹೋಗೂಣು. ಊರಿಗೆ ಫೋನ್ ಮಾಡೂಣು."

"ಹುಚ್ಚು ಹಿಡದೈತೇನು? ಇನ್ನೊಮ್ಮೆ ಕೇಳಾಕ ನಾ ಏನು ಭಿಕ್ಷಾ ಬೇಡಾಕಿ?"

"ನೀ ಏನೂ ಕೇಳಬ್ಯಾಡ. ಹ್ವಾದ ವರ್ಷದ ಉತ್ತರ ಎಲ್ಲಿ ಹೋತು, ಅಷ್ಟಽ ನೋಡೂಣು."

"ಬರದಿದ್ದ ಉತ್ತರ ಎಲ್ಲಿಗೆ ಹೋಗತೈತಿ?"

"ಅದನ್ನಽ ನಾ ಇವತ್ತು ನೋಡಿ ಬಂದೀನಿ," ಎಂದಳು ಶೈಲಶ್ರೀ. ಮಗಳ ಮುಖ ನೋಡಿ ರಾಚವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟಳು.

ಊರಿನ ಗಿರಣಿಯ ನಂಬರಿಗೂ ಮುಂದೆ ಎರಡು ಹಚ್ಚಿ ಶೈಲಶ್ರೀ ಡಯಲ್ ಮಾಡಿದಳು. ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ಆ ಕಡೆ ಹಿಟ್ಟಿನ ಗಿರಣಿ ಗಡಗಡ ಎನ್ನುತ್ತಿತ್ತು. ಶರಣಬಸಪ್ಪಗ ಹೇಳಿಕಳಿಸ್ರಿ, ಪರ್ಕಳದಿಂದ ಆತನ ತಂಗಿ, ಈ ನಂಬರಿಗೆ ಫೋನ್ ಮಾಡ್ಲಿ ಎಂದು ಒಂದೊಂದೇ ಅಂಕಿ ಬಿಡಿಸಿ ಹೇಳಿದಳು. "ಮುಂದ ಎರಡು, ಮರೀಬ್ಯಾಡ್ರಿ. ಎರಡಿಲ್ಲದಿದ್ರ ನಮಗ ಮುಟ್ಟಂಗಿಲ್ಲ."

ಆಮೇಲೆ ಕಾಯುವುದು. ಅಂಗಡಿಯ ಕಂಬಕ್ಕೆ ಒರಗಿ ನಿಂತ ರಾಚವ್ವ ಫೋನಿನ ಕಡೆ ನೋಡದೆ ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಚೆನ್ನಪ್ಪ ಚಾ ಕೊಟ್ಟ, ಅದು ಹಾಗೇ ಆರಿತು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಈ ಸಲ ದಾರಿಯಲ್ಲಿ ತೊಡಕಿಲ್ಲ, ಈ ಸಲ ಫೋನ್ ಬಾರದಿದ್ದರೆ ಅದೇ ನಿಜವಾದ ಉತ್ತರ ಎಂಬುದು ಶೈಲಶ್ರೀಗೆ ಆಗ ಹೊಳೆಯಿತು. ಅವಳಿಗೆ ಅವ್ವನ ಮುಖ ನೋಡುವ ಧೈರ್ಯ ಬರಲಿಲ್ಲ. ಯಾಕಾದರೂ ಕರೆತಂದೆನೋ ಎನಿಸಿತು.

ಫೋನು ಬಡಿದುಕೊಂಡಿತು.

ಚೆನ್ನಪ್ಪ ಎತ್ತಿ ಕೇಳಿದ. "ಹಾಂ, ಹಾಂ, ಉಂಟು ಉಂಟು, ಕರೀತೇನೆ," ಎಂದವನು ರಿಸೀವರನ್ನು ಡಬ್ಬಿಯ ಮೇಲಿಟ್ಟು, ಮಳೆಗೇ ಇಳಿದು, ಹಲಸಿನ ಮರದ ಕಡೆ ಮುಖ ಮಾಡಿ, "ಮೂರನೇ ಸಾಲು! ರಾಚವ್ವಾ! ಫೋನ್!" ಎಂದು ಗಂಟಲು ಹರಿಯುವಂತೆ ಕೂಗಿದ. ರಾಚವ್ವ ಅವನ ಬೆನ್ನ ಹಿಂದೆಯೇ ನಿಂತಿದ್ದಳು.

ಆಕೆ ಎರಡೂ ಕೈಯಲ್ಲಿ ರಿಸೀವರ್ ಹಿಡಿದು ಕಿವಿಗೆ ಒತ್ತಿಕೊಂಡಳು. ಶರಣಬಸಪ್ಪನ ದನಿ ಗಿರಣಿಯ ಸದ್ದನ್ನು ಮೀರಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

"ರಾಚೀ! ನೀ ಅಲ್ಲೇ ಅದಿಯೇನ? ಮತ್ತ ಆ ಬಾಯಿ ನೀ ಇಲ್ಲಂತ ಯಾಕ ಹೇಳಿದ್ಲು?"

"ಯಾವ ಬಾಯಿ?" ಎಂದಳು ರಾಚವ್ವ.

"ಆ ಅಂಗಡ್ಯಾಗಿನ ಬಾಯಿ! ಹ್ವಾದ ವರ್ಷ ಪಂಚಮಿಗೆ ಕರಿಯಾಕ ಬರ್ತೀನಿ ಅಂತ ಹೇಳಾಕ ಮೂರು ಸಲ ಫೋನ್ ಹಚ್ಚೀನಿ. ಮೂರೂ ಸಲ ಅಸ್ತಿತ್ವದಲ್ಲಿಲ್ಲ, ಅಸ್ತಿತ್ವದಲ್ಲಿಲ್ಲ ಅಂದ್ಲು. ಎಲ್ಲಿ ಹೋಗ್ಯಾಳ ಹೇಳವಾ ಅಂತ ಬೇಡಿಕೊಂಡೆ. ತಿರುಗಿ ಅದನ್ನಽ ಅಂದ್ಲು. ಬೈದೆ. ಬೈದ್ರೂ ಅದನ್ನಽ ಅಂದ್ಲು. ಮತ್ತೇನು ತಿಳೀಲಿ ನಾನು? ನೀನಽ ಹಂಗ ಹೇಳಸೀದಿ ಅಂತ ತಿಳ್ಕೊಂಡೆ."

ಚೆನ್ನಪ್ಪ ತನ್ನ ಅಂಗಡಿಯನ್ನು ಒಮ್ಮೆ ಸುತ್ತ ನೋಡಿದ. ಅಲ್ಲಿ ಇಪ್ಪತ್ತು ವರ್ಷದಿಂದ ಯಾವ ಹೆಂಗಸೂ ಕೂತಿರಲಿಲ್ಲ. ಎಕ್ಸ್‌ಚೇಂಜಿನ ಯಂತ್ರದಲ್ಲಿ ಯಾವ ಕಾಲಕ್ಕೋ ತುಂಬಿಟ್ಟ ಆ ದನಿಯ ಜೊತೆ ಮಾವ ಜಗಳ ಮಾಡಿದ್ದನ್ನು ನೆನೆದು ಶೈಲಶ್ರೀಗೆ ನಗು ಬಂತು, ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮೂರು ಸಲ. ಕೇಳಿದ್ದಕ್ಕೆ ಮೂರು ಸಲ ಉತ್ತರ ಹೊರಟಿತ್ತು.

"ಮತ್ತ ಬಂದು ನೋಡಬೇಕಿತ್ತು," ಎಂದಳು ರಾಚವ್ವ. ಬಿಗುಮಾನ ಬಿಟ್ಟಿರಲಿಲ್ಲ.

"ನೀ ಮತ್ತೊಮ್ಮೆ ಕೇಳಬೇಕಿತ್ತು," ಎಂದ ಶರಣಬಸಪ್ಪ. ಅವನೂ ಅದೇ ತಾಯಿಯ ಮಗ. ಆಮೇಲೆ ಅವನೇ, ಮೆತ್ತಗೆ, "ಪಂಚಮಿಗೆ ಬರ್ತೀಯೇನ ಯವ್ವಾ?" ಎಂದ.

"ಫೋನಿನಾಗ ಕರದ್ರ ಬರಂಗಿಲ್ಲ. ಕರಿಯಾಕ ನೀನಽ ಬರಬೇಕು."

"ಬರ್ತೀನಿ. ಎಲ್ಲಿಗೆ ಬರ್ಲಿ ಹೇಳು, ಇಲ್ಲೆ ಗಿರಣಿ ಗ್ವಾಡಿ ಮ್ಯಾಲ ಬರಸ್ತೀನಿ."

"ಪರ್ಕಳ," ಎಂದಳು ರಾಚವ್ವ. "ಚೆನ್ನಪ್ಪಣ್ಣನ ಅಂಗಡಿ. ಹಲಸಿನ ಗಿಡ. ಮೂರನೇ ಸಾಲು." ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಆಮೇಲೆ ರಿಸೀವರನ್ನು ಚೆನ್ನಪ್ಪನ ಕೈಗೆ ಕೊಟ್ಟು ಅಂಗಡಿಯ ಮುಂದಕ್ಕೆ ಬಂದಳು.

ಮಳೆ ಹನಿಗಡಿದಿತ್ತು. ರಾಚವ್ವ ಬೋರ್ಡಿನ ಮುಂದೆ ನಿಂತು ತಲೆ ಎತ್ತಿ ನೋಡಿದಳು. "ಎಲ್ಲಿ ಐತಿ ಆ ಎರಡು?"

ಶೈಲಶ್ರೀ ತೋರಿಸಿದಳು. ಬಾಗಿದ ಕತ್ತು, ನೆಲಕ್ಕೆ ಚಾಚಿದ ಬಾಲ, ಕೆಂಪು ಬಣ್ಣ ಅಲ್ಲಲ್ಲಿ ಸೋರಿ ಒಣಗಿತ್ತು. ರಾಚವ್ವ ತುದಿಗಾಲ ಮೇಲೆ ನಿಂತು, ಸಿಮೆಂಟಿಗೆ ಒಡೆದ ಬೆರಳನ್ನು ಅದರ ತುದಿಯಿಂದ ಬುಡದವರೆಗೆ ನಿಧಾನವಾಗಿ ಆಡಿಸಿದಳು.

"ಹೆಡಿ ಎತ್ತಿದ ನಾಗಪ್ಪ ಇದ್ದಂಗ ಐತಲ್ಲ," ಎಂದಳು. ಬೆರಳನ್ನು ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು.